ಉತ್ತರಕುಮಾರನ ಹುಬ್ಬು

ಮಕ್ಕಳ ಪುಸ್ತಕದಲ್ಲಿನ ಬಣ್ಣದ ಚಿತ್ರಗಳನ್ನು ಬರೆದವರು ಯಾರೆಂದು ಕೇಳುವ ವಾಡಿಕೆ ನಮ್ಮ ಮನೆಗಳಲ್ಲಿ ವಿರಳ. ಯಾರಾದರೂ ಕೇಳಿದರೂ, “ಈಗೆಲ್ಲ ಕಂಪ್ಯೂಟರೇ ಬರೆದುಬಿಡುತ್ತದಲ್ಲವೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಲಗ್ನಪತ್ರಿಕೆಯ ಮೇಲಿನ ವಧೂವರರು, ಗೋಡೆಯ ಕ್ಯಾಲೆಂಡರಿನ ಬಾಲಕೃಷ್ಣ, ಪಾಠಪುಸ್ತಕದ ಅಜ್ಜಿ, ಹಪ್ಪಳದ ಪೊಟ್ಟಣದ ಮೇಲೆ ನಗುವ ಗೃಹಿಣಿ—ಇವರಲ್ಲಿ ಅನೇಕರು ಇಂದು ಗಾಜಿನ ಫಲಕದ ಮೇಲೆ ಹುಟ್ಟುವವರೆಂಬುದು ನಿಜ. ಆದರೆ ಹುಟ್ಟಿಸುವ ಕೈ ಯಾರದು, ಆ ಕೈಗೆ ಎಷ್ಟು ಕೆಲಸವುಂಟು ಎಂಬುದನ್ನು ವಿಚಾರಿಸಿದವರು ಕಡಮೆ.

ಈ ಬೇಸಗೆಯಲ್ಲಿ ಅದನ್ನು ಹತ್ತಿರದಿಂದ ನೋಡುವ ಅವಕಾಶ ನಮಗೆ ದೊರೆಯಿತು. ಹಿಂದೆ ನಮ್ಮ ಬಳಿ ಸಂಸ್ಕೃತವನ್ನು ಓದಿದ ಹೆಣ್ಣುಮಗಳೊಬ್ಬಳು ಮೈಸೂರಿನಲ್ಲಿ ಚಿತ್ರಕಲೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದಾಳೆ. ವಿರಾಟಪರ್ವದ ಕಥೆಯನ್ನು ಮಕ್ಕಳಿಗಾಗಿ ಹೇಳುವ ಒಂದು ಪುಸ್ತಕಕ್ಕೆ ಉತ್ತರಕುಮಾರನ ಪಾತ್ರವನ್ನು ರೂಪಿಸಿಕೊಡುವ ಕೆಲಸ ಅವಳಿಗೆ ಬಂದಿತ್ತು. ಕಥೆಯಲ್ಲಿ ಸಂದೇಹ ಬಂದರೆ ಕೇಳುವುದಕ್ಕೆಂದು ನಮ್ಮನ್ನು ಕರೆಸಿಕೊಂಡಳು; ಐದು ದಿನ ಮಧ್ಯಾಹ್ನದ ಹೊತ್ತು ಅವಳ ಮೇಜಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆವು. ಮಗಳೋ ಮಗನೋ ಈ ವಿದ್ಯೆಯನ್ನು ಕಲಿಯುವೆನೆಂದಾಗ “ಅದರಲ್ಲಿ ಕಲಿಯುವುದೇನಿದೆ?” ಎನ್ನುವ ತಂದೆತಾಯಿಗಳಿಗೂ, ಚಿತ್ರ ಬರೆಸಿ ಹಣ ಎಣಿಸುವಾಗ ಕೈ ಬಿಗಿಹಿಡಿಯುವ ಗೃಹಸ್ಥರಿಗೂ ನಾವು ಕಂಡದ್ದನ್ನು ತಿಳಿಸಬೇಕೆನಿಸಿದೆ.

ಮೊದಲು ಸಾಧನದ ಮಾತು. ಅವಳ ಮೇಜಿನ ಮೇಲೆ ಬಣ್ಣದ ಬಟ್ಟಲಿಲ್ಲ, ನೀರಿಲ್ಲ, ಕುಂಚವಿಲ್ಲ. ನಾವು ಹುಡುಗರಾಗಿದ್ದಾಗ ಹಿಡಿದ ಸ್ಲೇಟಿನ ನಾಲ್ಕರಷ್ಟು ಅಗಲವಾದ ಒಂದು ಗಾಜಿನ ಪರದೆ, ಅದರ ಮೇಲೆ ಆಡಿಸಲು ಕಡ್ಡಿಯಂತಹ ಒಂದು ಲೇಖನಿ—ಇಷ್ಟೆ. ಲೇಖನಿಯಲ್ಲಿ ಮಸಿಯೂ ಇಲ್ಲ, ಬ್ಯಾಟರಿಯೂ ಇಲ್ಲ. ಫಲಕದ ವಿದ್ಯುತ್ಕಾಂತ ಕ್ಷೇತ್ರದಿಂದಲೇ ಅದಕ್ಕೆ ಶಕ್ತಿ ಒದಗುತ್ತದೆ. ಒತ್ತಿದರೆ ಗೆರೆ ದಪ್ಪವಾಗುತ್ತದೆ, ಸಡಿಲಿಸಿದರೆ ಕೂದಲೆಳೆಯಾಗುತ್ತದೆ. ಬೆರಳಿನ ಒತ್ತಡದಲ್ಲಿ ೮,೧೯೨ ಅಂತರಗಳನ್ನು ಗುರುತಿಸುವ ಲೇಖನಿಗಳಿವೆ. ಆದುದರಿಂದ ಕೈ ನಡುಗಿದರೆ ಆ ನಡುಕವನ್ನೂ ಅದು ನಿಷ್ಠೆಯಿಂದ ಬರೆದಿಡುತ್ತದೆ. ಯಂತ್ರವು ಬರೆಯುವವರ ದೋಷವನ್ನು ಮುಚ್ಚುತ್ತದೆಯೆಂದು ತಿಳಿದವರು ಒಮ್ಮೆ ಆ ಲೇಖನಿಯನ್ನು ಹಿಡಿದು ಒಂದು ವೃತ್ತವನ್ನು ಎಳೆದು ನೋಡಬೇಕು.

ಚಿತ್ರ ಬರೆಯುವುದಕ್ಕೆ ಅನೇಕ ಸಾಫ್ಟ್‌ವೇರುಗಳುಂಟು. ಅಮೆರಿಕದ ನೋಲ್ ಸಹೋದರರಿಂದ ಮೊದಲಾಗಿ ೧೯೯೦ರಲ್ಲಿ ಪೇಟೆಗೆ ಬಂದ ಫೋಟೋಶಾಪ್ ಎಂಬುದು ಹೆಸರಾದದ್ದು. ನಮ್ಮ ಶಿಷ್ಯೆ ಬಳಸುವುದು ಕ್ರಿಟಾ ಎಂಬುದನ್ನು. ನಾನಾ ದೇಶದವರು ಕೂಡಿ ನಿರ್ಮಿಸಿ, ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯುವಂತೆ ಇಟ್ಟಿದ್ದಾರೆ. ಸ್ವೀಡಿಷ್ ಭಾಷೆಯಲ್ಲಿ ಆ ಶಬ್ದಕ್ಕೆ ಸೀಮೆಸುಣ್ಣವೆಂದು ಅರ್ಥ. ನಮ್ಮ ಕಿವಿಗೋ ಅದು ‘ಕ್ರೀತ’ ಎಂದು ಬಿದ್ದಿತು, ಕ್ರೀತವೆಂದರೆ ಕೊಂಡದ್ದು. ಕೊಳ್ಳದೆ ದೊರೆಯುವ ವಸ್ತುವಿಗೆ ಇದೆಂತಹ ಹೆಸರೆಂದು ಗುರುಶಿಷ್ಯರಿಬ್ಬರೂ ನಕ್ಕೆವು. ಇರಲಿ, ಪ್ರಕೃತಕ್ಕೆ ಬರೋಣ.

ಮೊದಲನೆಯ ದಿನ ಅವಳು ಲೇಖನಿಯನ್ನು ಮುಟ್ಟಿದ್ದೇ ಅಪರೂಪ. ಕಥೆಯನ್ನು ಓದಿದಳು, ಕೇಳಿದಳು.

“ಮೇಷ್ಟ್ರೇ, ಉತ್ತರನಿಗೆ ವಯಸ್ಸೆಷ್ಟು?”

“ವರ್ಷದ ಲೆಕ್ಕ ಬೇಡಮ್ಮ. ತಂಗಿ ಇನ್ನೂ ಗೊಂಬೆಯಾಡುವವಳು. ಇವನು ದೊಡ್ಡ ಸೈನ್ಯವನ್ನು ಕಣ್ಣಿನಿಂದ ಕಂಡವನಲ್ಲ. ಅಷ್ಟರ ಮೇಲೆ ನೀನೇ ಊಹಿಸಿಕೊ.”

“ಅವನಿಗೆ ಬೇರೆ ಹೆಸರೂ ಉಂಟಲ್ಲವೆ?”

“ಭೂಮಿಂಜಯ. ಭೂಮಿಯನ್ನು ಗೆದ್ದವನೆಂದರ್ಥ.”

ಅವಳು ನಕ್ಕು ಆ ಹೆಸರನ್ನು ಪರದೆಯ ಮೂಲೆಯಲ್ಲಿ ಬರೆದುಕೊಂಡಳು. ಅನಂತರ ಅಂಚೆಚೀಟಿಯಷ್ಟು ಅಗಲದ ಹನ್ನೆರಡು ಚಿಕ್ಕ ಚಿತ್ರಗಳನ್ನು ಗೀಚಿದಳು. ಇವುಗಳಲ್ಲಿ ಕಣ್ಣು ಮೂಗುಗಳಿಲ್ಲ; ಕಪ್ಪು ನೆರಳಿನಂತಹ ಆಕಾರ ಮಾತ್ರ. ತೊಗಲುಗೊಂಬೆಯ ನೆರಳನ್ನು ನೋಡಿಯೇ ಇವನು ರಾವಣ, ಇವನು ಹನುಮಂತ ಎಂದು ಹಳ್ಳಿಯ ಮಗುವೂ ಹೇಳುತ್ತದಷ್ಟೆ. ಹಾಗೆಯೇ ಬಣ್ಣವೂ ಮುಖವೂ ಇಲ್ಲದೆ ಬರಿಯ ಹೊರಗೆರೆಯಿಂದಲೇ ಪಾತ್ರದ ಗುರುತು ಹತ್ತಬೇಕೆಂಬುದು ಈ ವೃತ್ತಿಯವರ ಮೊದಲ ಪರೀಕ್ಷೆ. ಹನ್ನೆರಡರಲ್ಲಿ ಒಂಬತ್ತು ಅಲ್ಲಿಯೇ ಬಿದ್ದುಹೋದುವು. ಉಳಿದ ಮೂರರಲ್ಲಿ ಉತ್ತರನು ಎದೆಯುಬ್ಬಿಸಿ, ಸೊಂಟದ ಮೇಲೆ ಕೈಯಿಟ್ಟು, ತನಗಿಂತ ಉದ್ದವಾದ ಬಿಲ್ಲಿಗೆ ಒರಗಿದ್ದನು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಗೆ ಕೈಕಾಲು ಮೂಡಿದಂತಿತ್ತು.

ಪ್ರಮಾಣವನ್ನು ಕುರಿತು ಅವಳಾಡಿದ ಮಾತು ನಮಗೆ ಹಳೆಯ ನೆಂಟನಂತೆ ಕಂಡಿತು. ಈಗಿನ ಚಿತ್ರಕಾರರು ದೇಹದ ಎತ್ತರವನ್ನು ತಲೆಯ ಅಳತೆಯಿಂದ ಎಣಿಸುತ್ತಾರೆ: ಬೆಳೆದ ಮನುಷ್ಯನಿಗೆ ಸುಮಾರು ಏಳೂವರೆ ತಲೆ, ಎಳೆಯರಿಗೆ ಅದಕ್ಕಿಂತ ಕಡಮೆ. ನಮ್ಮ ಶಿಲ್ಪಶಾಸ್ತ್ರದವರು ಎಣಿಸಿದ ತಾಲವೂ ಇದೇ ಜಾತಿಯದು. ಮುಖದ ಉದ್ದವೊಂದು ತಾಲ, ತಾಲಕ್ಕೆ ಹನ್ನೆರಡು ಅಂಗುಲ. ನವತಾಲದ ಮೂರ್ತಿಗೆ ೧೦೮ ಅಂಗುಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಚಿತ್ರಕರ್ಮಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟು, ಗೋಡೆಯನ್ನು ಸಿದ್ಧಪಡಿಸುವುದರಿಂದ ಹಿಡಿದು ಕುಂಚ ವರ್ಣಗಳವರೆಗೆ ವಿವರಿಸಿದ್ದಾನೆ. ಅರಸನೊಬ್ಬನು ಬಣ್ಣ ಅರೆಯುವ ಕ್ರಮವನ್ನು ಬರೆಯುವುದು ತನ್ನ ಘನತೆಗೆ ಕುಂದೆಂದು ಭಾವಿಸಲಿಲ್ಲ. ನಮ್ಮ ಶಿಷ್ಯೆ ಉತ್ತರನಿಗೆ ಆರು ತಲೆಯ ಎತ್ತರವನ್ನು ಕೊಟ್ಟಳು. ಬೃಹನ್ನಳೆಗೆ ಎಂಟನ್ನು ಮೀಸಲಿಟ್ಟಳು. ಇಬ್ಬರೂ ಒಂದೇ ರಥದಲ್ಲಿ ನಿಂತಾಗ ಸಾರಥಿ ಯಾರು, ರಥಿಕ ಯಾರು ಎಂದು ಮಕ್ಕಳಿಗೆ ಸಂಶಯ ಬರಬೇಕೆಂಬುದು ಅವಳ ಎಣಿಕೆ.

ಎರಡನೆಯ ದಿನ ಮುಖ. ಇಲ್ಲಿ ಒಂದು ಸಂಗತಿ ನಡೆಯಿತು. ಅವಳು ಬರೆದ ಮುಖ ಶುದ್ಧ ವಿದೂಷಕನದು: ಉಬ್ಬಿದ ಕೆನ್ನೆ, ಮೇಲಕ್ಕೆತ್ತಿದ ಮೂಗು, ಅರೆಮುಚ್ಚಿದ ಕಣ್ಣು. ಹಾಸ್ಯ ಚೆನ್ನಾಗಿಯೇ ಇತ್ತು. ನಾವು ಸುಮ್ಮನೆ ಮಾತಿಗೆಂದು, “ಪಾಪ, ಇವನು ಕುರುಕ್ಷೇತ್ರದಲ್ಲಿ ಮೊದಲನೆಯ ದಿನವೇ ಹೋದನಮ್ಮ” ಎಂದೆವು. ಲೇಖನಿ ನಿಂತಿತು. ಅವಳಿಗೆ ಅದು ತಿಳಿದಿರಲಿಲ್ಲ. ಆನೆಯನ್ನೇರಿ ಶಲ್ಯನ ಮೇಲೆ ನುಗ್ಗಿ, ಅವನ ಕೈಯಿಂದಲೇ ಮಡಿದನೆಂದು ಹೇಳಿದೆವು. ಕೌರವಸೇನೆಯನ್ನು ಕಂಡು ರಥದಿಂದ ಹಾರಿ ಓಡಿದ ಹುಡುಗನು ಅವನೇ. ಆನೆಯ ಮೇಲೆ ಕುಳಿತು ಮುಂದಕ್ಕೆ ನಡೆದವನೂ ಅವನೇ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಮುಖವನ್ನು ಬದಿಗಿಟ್ಟು, “ಇವನನ್ನು ನೋಡಿ ಮಕ್ಕಳು ನಗಬೇಕು ಮೇಷ್ಟ್ರೇ, ಆದರೆ ಇವನನ್ನು ಕಂಡರೆ ಅವರಿಗೆ ತಾತ್ಸಾರ ಹುಟ್ಟಬಾರದು” ಎಂದಳು. ಮತ್ತೆ ಬರೆಯತೊಡಗಿದಳು. ತುಟಿಯ ಜಂಭವನ್ನು ಹಾಗೆಯೇ ಉಳಿಸಿಕೊಂಡು, ಹುಬ್ಬುಗಳ ಒಳತುದಿಯನ್ನು ಮಾತ್ರ ಒಂದು ಎಳೆಯಷ್ಟು ಮೇಲಕ್ಕೆತ್ತಿದಳು. ಭಯಗೊಂಡವರ ಹುಬ್ಬು ಹಾಗೆ ಏಳುವುದುಂಟು. ಬಾಯಿ ಕೊಚ್ಚಿಕೊಳ್ಳುತ್ತಿದೆ, ಹುಬ್ಬು ಅಂಜಿದೆ. ಅಂಜಿಕೆಯನ್ನು ಯಾರಿಗೂ ತೋರಿಸಬಾರದೆಂದು ಒದ್ದಾಡುವ ಎಳೆಯನೊಬ್ಬನು ನಮ್ಮೆದುರು ಇದ್ದನು. ಪಾಠಶಾಲೆಯಲ್ಲಿ ಪದ್ಯ ಬಾಯಿಗೆ ಬಾರದೆ ಎದೆಯುಬ್ಬಿಸಿ ಎದ್ದು ನಿಲ್ಲುವ ಹುಡುಗರಲ್ಲಿ ಈ ಮುಖವನ್ನು ನಾವು ಎಷ್ಟು ಬಾರಿ ಕಂಡಿಲ್ಲ!

ಆ ಒಂದು ಹುಬ್ಬನ್ನು ಅವಳು ಹದಿನಾರು ಸಲ ಎಳೆದಳು, ನಾವೇ ಎಣಿಸಿದೆವು. ಈ ಯಂತ್ರದಲ್ಲಿ ‘ಅನ್‌ಡೂ’ ಎಂಬ ಸೌಕರ್ಯವುಂಟು. ಎರಡು ಗುಂಡಿಗಳನ್ನು ಕೂಡಿಸಿ ಒತ್ತಿದರೆ ಕಡೆಯಲ್ಲಿ ಎಳೆದ ಗೆರೆ ಇಲ್ಲವಾಗುತ್ತದೆ. ಮೈಸೂರು ಸಂಪ್ರದಾಯದ ಚಿತ್ರಕಾರರು ಹುಣಿಸೆಯ ಕಡ್ಡಿಗಳನ್ನು ಸುಟ್ಟ ಇದ್ದಲಿನಿಂದ ಮೊದಲ ರೇಖೆಗಳನ್ನೆಳೆಯುತ್ತಿದ್ದರು, ಅದನ್ನು ಅಳಿಸಬಹುದಾಗಿತ್ತು. ಆದರೆ ಮಕ್ಕಿ ಸಫೇದವನ್ನಿಟ್ಟು ಉಬ್ಬುಗೆಲಸ ಮಾಡಿ ಚಿನ್ನದ ರೇಕನ್ನು ಹತ್ತಿಸಿದ ಮೇಲೆ ಹಿಂದಿರುಗುವುದು ಸುಲಭವಾಗಿರಲಿಲ್ಲ. ಈಗಿನವರಿಗೆ ಆ ಭಯವಿಲ್ಲ. ಭಯವಿಲ್ಲದುದೇ ಒಂದು ಕಷ್ಟವೆಂದು ಅವಳು ಹೇಳುತ್ತಾಳೆ. ಎಷ್ಟು ಸಲವಾದರೂ ತಿದ್ದಬಹುದಾದಾಗ, ಇನ್ನು ಸಾಕು ಎನ್ನುವುದನ್ನು ಹೊರಗಿನಿಂದ ಯಾರೂ ಹೇಳಿಕೊಡರು, ತಾನೇ ಅರಿಯಬೇಕು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ, ಮಾಲವಿಕೆಯನ್ನು ಎದುರಿನಲ್ಲಿ ಕಂಡ ಅರಸನು ಅವಳ ಚಿತ್ರವನ್ನು ನೆನೆದು, ಬರೆದವನ ಸಮಾಧಿ ಸಡಿಲವಾಗಿದ್ದಿರಬೇಕೆಂದು ಅಂದುಕೊಳ್ಳುತ್ತಾನೆ. ಚಿತ್ರ ಕೆಟ್ಟರೆ ಕವಿ ಹೊರಿಸಿದ ಹೊಣೆ ಕುಂಚದ ಮೇಲಲ್ಲ. ಹದಿನಾರನೆಯ ಸಲ ಹುಬ್ಬು ನಿಂತಿತು. ಗುಂಡಿಯ ಮೇಲಿದ್ದ ಎಡಗೈಯನ್ನು ಅವಳು ತೆಗೆದು ಮಡಿಲಲ್ಲಿಟ್ಟುಕೊಂಡಳು.

ಇನ್ನೊಂದು ಉಪಾಯವನ್ನೂ ಇಲ್ಲಿ ಹೇಳಬೇಕು. ನಡುನಡುವೆ ಅವಳು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚುತ್ತಿದ್ದಳು. ಬಹಳ ಹೊತ್ತು ನೋಡಿ ಪಳಗಿದ ಕಣ್ಣು ಓರೆಕೋರೆಯನ್ನು ಕಾಣಲಾರದು. ಮಗುಚಿದೊಡನೆ ಅದು ಬೇರೊಬ್ಬರ ಚಿತ್ರದಂತಾಗಿ ತಪ್ಪು ಎದ್ದು ತೋರುತ್ತದೆ. ಹಾಗೆ ಮಗುಚಿದಾಗ ಉತ್ತರನ ಎಡಗಣ್ಣು ಕೆಳಗಿಳಿದದ್ದು ನಮಗೂ ಕಂಡಿತು.

ಮೂರನೆಯ ದಿನದಿಂದ ಬಣ್ಣ. ಇದಕ್ಕೆ ಮೊದಲು ಪದರಗಳ ವಿಷಯವನ್ನು ತಿಳಿಯಬೇಕು. ಅವರ ಮಾತಿನಲ್ಲಿ ಲೇಯರು. ಪಾರದರ್ಶಕವಾದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ: ಗೆರೆಗೊಂದು ಹಾಳೆ, ಮೈಬಣ್ಣಕ್ಕೊಂದು, ಉಡುಪಿಗೊಂದು, ಒಡವೆಗೊಂದು, ನೆರಳಿಗೊಂದು. ಒಂದನ್ನು ತಿದ್ದಿದರೆ ಮತ್ತೊಂದು ಕೆಡದು. ಫೋಟೋಶಾಪಿನಲ್ಲಿ ಈ ಏರ್ಪಾಡು ೧೯೯೪ರಲ್ಲಿ ಬಂದಿತು. ಆದರೆ ಮೂಲಭಾವನೆ ಹಳೆಯದು. ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ರವಿವರ್ಮನ ಮುದ್ರಣಾಲಯದಿಂದ ಬಂದ ಲಕ್ಷ್ಮೀ ಸರಸ್ವತಿಯರ ಪಟಗಳು ನಮ್ಮ ಅಜ್ಜಿಯರ ದೇವರಮನೆಗಳಲ್ಲಿದ್ದುವಷ್ಟೆ. ಆ ಕಲ್ಲಚ್ಚಿನ ಕೆಲಸದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದೇ ಕಾಗದವನ್ನು ಕಲ್ಲಿನಿಂದ ಕಲ್ಲಿಗೆ ಒತ್ತಬೇಕು. ಚಲಿಸುವ ಗೊಂಬೆಚಿತ್ರಗಳವರೂ ಬಹುಕಾಲ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಪಾತ್ರಗಳನ್ನು ಬರೆದು ಹಿನ್ನೆಲೆಯ ಮೇಲೆ ಇಡುತ್ತಿದ್ದರು. ನಮ್ಮ ಉತ್ತರನಿಗೆ ಕಡೆಯಲ್ಲಿ ಮೂವತ್ತನಾಲ್ಕು ಪದರಗಳಾದುವು. ಪ್ರತಿಯೊಂದಕ್ಕೂ ಹೆಸರಿಟ್ಟಿದ್ದಳು. ಹೆಸರಿಡದೆ ಹೋದರೆ ಉಗ್ರಾಣದಲ್ಲಿ ಚೀಟಿಯಿಲ್ಲದ ಡಬ್ಬಗಳನ್ನು ತಡಕಿದಂತಾಗುವುದೆಂದು ಗೃಹಿಣಿಯರಿಗೆ ಬೇರೆ ಹೇಳಬೇಕಾಗಿಲ್ಲ.

ಉಡುಪಿಗೆ ಯಾವ ಬಣ್ಣ? ಅವಳು ಮೊದಲು ಪೀತಾಂಬರವನ್ನೇ ಎಣಿಸಿದ್ದಳು. ಆಗ ನಾವು ಕಥೆಯ ಒಂದು ಭಾಗವನ್ನು ನೆನಪಿಗೆ ತಂದೆವು. ಯುದ್ಧಕ್ಕೆ ಹೊರಟವರನ್ನು ನಿಲ್ಲಿಸಿ ಉತ್ತರೆಯೂ ಅವಳ ಗೆಳತಿಯರೂ ತಮ್ಮ ಗೊಂಬೆಗಳಿಗೆ ಕೌರವವೀರರ ಬಣ್ಣಬಣ್ಣದ ವಸ್ತ್ರಗಳನ್ನು ತರಬೇಕೆಂದು ಕೇಳುತ್ತಾರೆ. ಕಡೆಯಲ್ಲಿ ಶತ್ರುಗಳು ಮೂರ್ಛೆ ಹೋದಾಗ ಅರ್ಜುನನು ಅದನ್ನು ನೆನೆದು ಉತ್ತರನನ್ನು ಕಳುಹಿಸುತ್ತಾನೆ: ದ್ರೋಣ ಕೃಪರದು ಬಿಳಿ, ಕರ್ಣನದು ಹಳದಿ, ಅಶ್ವತ್ಥಾಮ ದುರ್ಯೋಧನರದು ನೀಲಿ. ಇದನ್ನು ಕೇಳಿದ ಮೇಲೆ ಬಿಳಿ, ಹಳದಿ, ನೀಲಿಗಳನ್ನು ಅವಳು ಶತ್ರುಪಕ್ಷಕ್ಕೆ ಬಿಟ್ಟುಕೊಟ್ಟಳು. ಉತ್ತರನು ಆ ವಸ್ತ್ರಗಳನ್ನು ತೋಳಿನಲ್ಲಿ ಹೊತ್ತು ತರುವಾಗ ಮೂರೂ ಅವನ ಮೈಮೇಲೆ ಬೇರೆಯಾಗಿ ಕಾಣಬೇಕಲ್ಲವೆ? ಅವನಿಗೆ ಕುಸುಬೆಯ ಕೆಂಪು ದೊರೆಯಿತು.

ಹಿಂದೆ ಅಂತಃಪುರದ ಹಸುರು ತೆರೆ. ಕೆಂಪು, ಹಸುರು ಒಂದಕ್ಕೊಂದು ಹೊಂದಿದುವೆಂದು ನಾವು ಮೆಚ್ಚುತ್ತಿರುವಾಗಲೇ ಅವಳು ಬಣ್ಣಗಳನ್ನೆಲ್ಲ ಅಡಗಿಸಿ ಚಿತ್ರವನ್ನು ಬೂದಿಯ ಛಾಯೆಗಳಲ್ಲಿ ತೋರಿಸಿದಳು. ಏನಾಶ್ಚರ್ಯ! ಉತ್ತರನು ತೆರೆಯೊಳಗೆ ಮಾಯವಾಗಿದ್ದನು. ವರ್ಣ ಬೇರೆಯಾದರೂ ಎರಡರ ಬೆಳಕು ಒಂದೇ ಅಳತೆಯದಾಗಿತ್ತು. ತೆರೆಯನ್ನು ಇನ್ನಷ್ಟು ಕಪ್ಪಾಗಿಸಿದ ಮೇಲೆ ಹುಡುಗನು ಮುಂದಕ್ಕೆ ಬಂದನು.

ನೆರಳಿನ ಕ್ರಮ ಗಣಿತಪ್ರಿಯರಿಗೆ ರುಚಿಸುವಂತಹದು. ‘ಮಲ್ಟಿಪ್ಲೈ’ ಎಂಬ ಒಂದು ವಿಧಾನವುಂಟು; ಹೆಸರೇ ಹೇಳುವಂತೆ ಗುಣಾಕಾರ. ಕಪ್ಪಿಗೆ ಸೊನ್ನೆ, ಬಿಳಿಗೆ ಒಂದು ಎಂದಿಟ್ಟುಕೊಂಡು ಮೇಲಿನ ಪದರದ ಅಂಕೆಯಿಂದ ಕೆಳಗಿನದನ್ನು ಯಂತ್ರ ಗುಣಿಸುತ್ತದೆ. ಒಂದರಿಂದ ಗುಣಿಸಿದಲ್ಲಿ ಬಣ್ಣ ಮಾರ್ಪಡದು. ಅರ್ಧದಿಂದ ಗುಣಿಸಿದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಗುಣಿಸುವುದು ಯಂತ್ರದ ಪಾಲು. ನೆರಳು ಎಲ್ಲಿ ಬೀಳಬೇಕು, ದೀಪ ಯಾವ ಕಡೆಗಿದೆ, ಕಪ್ಪಿಗೆ ಬದಲಾಗಿ ನಸುನೇರಳೆಯ ನೆರಳನ್ನೇಕೆ ಹಾಕಬೇಕು ಎಂಬುದೆಲ್ಲ ಅವಳ ಪಾಲು. ಒಲೆಯ ಮುಂದಿನ ಪೌರುಷವಷ್ಟೆ! ಆದುದರಿಂದ ಬೆಳಕು ಕೆಳಗಿನಿಂದ, ಬೆಂಕಿಯ ಬಣ್ಣದಲ್ಲಿ ಬಂದಿತು.

ಕಣ್ಣಿನಲ್ಲಿ ಹೊಳೆಯುವ ಚುಕ್ಕೆಯನ್ನು ಅವಳು ಎಲ್ಲಕ್ಕಿಂತ ಕಡೆಗೆ ಇಟ್ಟಳು. ಪಾರ್ವತಿಗೆ ಯೌವನ ಬಂದುದನ್ನು ವರ್ಣಿಸುವಲ್ಲಿ ಕಾಳಿದಾಸನು, ಕುಂಚದಿಂದ ಉನ್ಮೀಲಿತವಾದ ಚಿತ್ರವನ್ನು ಉಪಮಾನವಾಗಿ ತರುತ್ತಾನೆ. ಉನ್ಮೀಲನವೆಂದರೆ ಕಣ್ಣು ತೆರೆಯುವುದು, ಅರಳುವುದು. ತರಗತಿಯಲ್ಲಿ ಮೂವತ್ತು ವರ್ಷ ಆ ಶಬ್ದಕ್ಕೆ ಅರ್ಥ ಹೇಳಿದ್ದೇವೆ. ಅದು ಆಗುವುದನ್ನು ಕಂಡದ್ದು ಅಂದು.

ಮುದ್ರಣಕ್ಕೆ ಕಳುಹಿಸುವುದರಲ್ಲಿಯೂ ತೊಡಕುಂಟು. ಎ೪ ಅಳತೆಯ ಪುಟವೊಂದಕ್ಕೆ ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಅಡ್ಡಕ್ಕೆ ೨,೪೮೦, ಉದ್ದಕ್ಕೆ ೩,೫೦೮, ಒಟ್ಟು ಸುಮಾರು ೮೭ ಲಕ್ಷ ಚುಕ್ಕೆಗಳು ಬೇಕು. ಪರದೆಯು ಕೆಂಪು, ಹಸುರು, ನೀಲಿ ಬೆಳಕುಗಳನ್ನು ಬೆರೆಸಿ ಬಣ್ಣವನ್ನು ತೋರುತ್ತದೆ. ಅಚ್ಚಿನ ಮನೆಯದು ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳ ಲೋಕ. ಬೆಳಕಿನಲ್ಲಿ ಮಿಂಚುವ ಕೆಲವು ನೀಲಿಗಳು ಮಸಿಯಲ್ಲಿ ಮಂಕಾಗುತ್ತವೆ. ದುರ್ಯೋಧನನ ಉತ್ತರೀಯ ಹಾಗಾಗಬಹುದೆಂದು ಅವಳು ಮುಂದಾಗಿಯೇ ಅದರ ನೀಲಿಯನ್ನು ಬದಲಾಯಿಸಿಕೊಂಡಳು.

ಈ ಒಂದು ಪಾತ್ರಕ್ಕೆ ಬೆಳಗು ರಾತ್ರಿಗಳ ಕೆಲಸವೂ ಸೇರಿ ಇಪ್ಪತ್ತಮೂರು ಗಂಟೆ ಹಿಡಿಯಿತು. ಹಿಂದಿನ ವರ್ಷ ಬೇರೊಬ್ಬ ಪ್ರಕಾಶಕರು, ಒಪ್ಪಿದ ಹಣದಲ್ಲಿ ಅರ್ಧವನ್ನು ಮಾತ್ರ ಕೊಟ್ಟು, “ಕಂಪ್ಯೂಟರಿನಲ್ಲಿ ಮಾಡಿದ್ದಲ್ಲವೇನಮ್ಮ, ನಿನಗೇನು ಖರ್ಚು?” ಎಂದರಂತೆ. ಪುಸ್ತಕದಲ್ಲಿ ಅವಳ ಹೆಸರೂ ಇರಲಿಲ್ಲ. ಇದೇ ವಾದದಿಂದ ಹೋದರೆ, ಲೇಖನಿಗೆ ಬೆಲೆ ಕಡಮೆಯೆಂದು ಕವಿಗೂ, ಸೀಮೆಸುಣ್ಣಕ್ಕೆ ಬೆಲೆ ಕಡಮೆಯೆಂದು ಉಪಾಧ್ಯಾಯನಿಗೂ ಏನೂ ಕೊಡಬೇಕಾಗಿಲ್ಲ.

೨೦೨೨ರಿಂದೀಚೆಗೆ ಮತ್ತೊಂದು ಮಾತು ಸೇರಿಕೊಂಡಿದೆ. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಚಿತ್ರವನ್ನು ಒಡನೆಯೇ ಒಪ್ಪಿಸುವ ಯಂತ್ರಗಳು ಸಾರ್ವಜನಿಕರ ಕೈಗೆ ಬಂದಿವೆ. ಅಪಾರ ಸಂಖ್ಯೆಯ ಚಿತ್ರಗಳನ್ನು ಅರೆದು ಕುಡಿದು ಅವು ಕಲಿತಿವೆ; ಆ ಚಿತ್ರಗಳ ಕರ್ತೃಗಳನ್ನು ಕೇಳದೆ ಹಾಗೆ ಮಾಡಿದರೆಂದು ಅಮೆರಿಕದ ಮೂವರು ಚಿತ್ರಕಾರರು ೨೦೨೩ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಿದರು. ನಮ್ಮ ಶಿಷ್ಯೆ ಕುತೂಹಲಕ್ಕೆಂದು ಅಂತಹ ಯಂತ್ರವೊಂದರಿಂದ ಉತ್ತರಕುಮಾರನನ್ನು ತರಿಸಿ ತೋರಿಸಿದಳು. ಚಿತ್ರ ಕೆಟ್ಟದ್ದೇನಲ್ಲ. ಮೀಸೆ ತಿರುವಿದ ವೀರನೊಬ್ಬನು ಭೀಮನ ಎದೆಯನ್ನು ಹೊತ್ತು ಸೂರ್ಯಾಸ್ತದಲ್ಲಿ ನಿಂತಿದ್ದನು; ಕವಚದ ಹೊಳಪು ನಿಜವಾಗಿಯೂ ಮನೋಹರ. ಆದರೆ ಅವನಿಗೆ ವಯಸ್ಸೆಷ್ಟೆಂದು ಯಂತ್ರ ಯಾರನ್ನೂ ಕೇಳಿರಲಿಲ್ಲ. ಅವನು ಹೇಗೆ ಸತ್ತನೆಂದು ತಿಳಿದು ಅದರ ಕೈ ನಿಂತಿರಲೂ ಇಲ್ಲ.

ಚಿತ್ರ ಬರೆಸುವವರಿಗೂ ಬರೆಯುವವರಿಗೂ ವ್ಯವಹಾರದ ಒಂದೆರಡು ಮಾತು. ತಿದ್ದುಪಡಿಯನ್ನು ಗೆರೆಯ ಹಂತದಲ್ಲಿಯೇ ಹೇಳಬೇಕು. ಬಣ್ಣ ನೆರಳುಗಳೆಲ್ಲ ಮುಗಿದ ಮೇಲೆ “ತಲೆಯನ್ನು ಸ್ವಲ್ಪ ಆ ಕಡೆಗೆ ತಿರುಗಿಸಿ” ಎಂದರೆ ಕಟ್ಟಿದ ಮನೆಯ ತಳಹದಿಯನ್ನು ಸರಿಸೆಂದಂತೆ. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೧೭ನೆಯ ಪ್ರಕರಣದಂತೆ, ಹಣ ಕೊಟ್ಟು ಬರೆಸಿದ ಚಿತ್ರಕ್ಕೆ, ಬೇರೆ ಕರಾರಿಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರಾಗುತ್ತಾರೆ. ಆದರೆ ಬರೆದವರು ಇದು ತಮ್ಮ ಕೃತಿಯೆಂದು ಹೇಳಿಕೊಳ್ಳುವ ಹಕ್ಕನ್ನು ೫೭ನೆಯ ಪ್ರಕರಣ ಉಳಿಸಿಕೊಟ್ಟಿದೆ. ಆದುದರಿಂದ ಬಾಯಿಮಾತನ್ನು ನಂಬದೆ, ಹಣವೆಷ್ಟು, ತಿದ್ದುಪಡಿ ಎಷ್ಟು ಸಲ, ಹೆಸರು ಎಲ್ಲಿ ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದುಕೊಳ್ಳುವುದು ಮೇಲು. ಈ ಸಲ ಅವಳು ಹಾಗೆಯೇ ಮಾಡಿದ್ದಾಳೆ. ಪುಸ್ತಕದ ಮೊದಲ ಪುಟದಲ್ಲಿ ಕಥೆ ಬರೆದವರ ಹೆಸರಿನ ಕೆಳಗೆ, ಅಷ್ಟೇ ಅಳತೆಯ ಅಕ್ಷರದಲ್ಲಿ ಅವಳ ಹೆಸರು ಬರತಕ್ಕದ್ದೆಂದು ಒಪ್ಪಂದವಾಗಿದೆ.

ಉತ್ತರನ ಚಿತ್ರ ಅಚ್ಚಿನ ಮನೆಗೆ ಹೋಯಿತು. ಈಗ ಬೃಹನ್ನಳೆಯ ಸರದಿ. ಹೆದೆ ತಾಗಿ ತಾಗಿ ತೋಳಿನಲ್ಲಿ ಬಿದ್ದ ಕಲೆಗಳನ್ನು ಅರ್ಜುನನು ಬಳೆಗಳಿಂದ ಮರೆಸಿಕೊಂಡನೆಂದು ಹೇಳಿದ್ದೆವು. ಅವಳು ಆ ಕಲೆಗಳನ್ನು ಕೆಳಗಿನ ಪದರದಲ್ಲಿ ಬರೆದು ಬಳೆಗಳನ್ನು ಮೇಲಿನ ಪದರದಲ್ಲಿ ಇಡುವೆನೆನ್ನುತ್ತಾಳೆ. ಕಾಣದುದನ್ನು ಬರೆಯುವುದೇಕೆಂದು ಕೇಳಿದರೆ, ಅದಿಲ್ಲದೆ ಕೈ ಅರ್ಜುನನದಾಗುವುದಿಲ್ಲವಂತೆ. ನಿನ್ನೆ ಟೆಲಿಫೋನಿನಲ್ಲಿ ಅವಳಿಗೆ ಒಂದೇ ಸಂದೇಹ.

“ಕಲೆ ಎಡತೋಳಿಗೋ ಬಲತೋಳಿಗೋ, ಮೇಷ್ಟ್ರೇ?”

“ಎರಡಕ್ಕೂ ಬರೆಯಮ್ಮ. ಅವನು ಸವ್ಯಸಾಚಿ.”